ಹೆಸರು ಬರೆದ ಮೂಟೆಗಳು

ಬಾಗಿಲು ಒಂದು ಗೇಣಿಗಿಂತ ಹೆಚ್ಚು ತೆರೆಯಲಿಲ್ಲ. ಚಿಜುರು ಆ ಸಂದಿಯಲ್ಲಿ ಮುಖವಿಟ್ಟು, ಹೊರಗೆ ಕೇಕಿನ ಡಬ್ಬಿ ಹಿಡಿದು ನಿಂತ ಹೆಂಗಸನ್ನು ನೋಡಿದಳು. ಬೀದಿಯ ಎರಡೂ ಕಡೆ ಕಣ್ಣಾಡಿಸಿ, "ಬೇಗ ಬನ್ನಿ, ಬೇಗ" ಎಂದಳು.

"ಹೇಗ್ರೀ ಬರ್ಲಿ? ನಾನೇನು ಬೆಕ್ಕಾ?" ಎಂದಳು ಹೊರಗಿನವಳು.

ಅವಳು ಫುಮಿ ಕುವಾಬಾರ. ತುಂಬಿಹೋದ ಮನೆಗಳನ್ನು ಖಾಲಿ ಮಾಡಿಕೊಡುವುದು ಅವಳ ಉದ್ಯೋಗ. ಕೇಕಿನ ಡಬ್ಬಿಯಲ್ಲಿ ಇದ್ದದ್ದು ಕೈಗವಸು, ಕತ್ತರಿ, ಹುರಿ ಮತ್ತು ಮಡಿಸಿದ ಕಸದ ಚೀಲಗಳು. ಕಂಪನಿಯ ಹೆಸರಿರುವ ವ್ಯಾನು ಬೇಡ, ಏಪ್ರನ್ ಬೇಡ, ಹಳೆಯ ಗೆಳತಿ ಚಹಾಕ್ಕೆ ಬಂದ ಹಾಗೆ ಕಾಣಬೇಕು, ಗಟ್ಟಿಯಾಗಿ ಮಾತಾಡಬಾರದು ಎಂದು ಚಿಜುರು ಫೋನಿನಲ್ಲೇ ಷರತ್ತು ಹಾಕಿದ್ದಳು. ಕೊನೆಯದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಫುಮಿ ಪಾಲಿಸಿದ್ದಳು. ಮೀನಂಗಡಿಯಲ್ಲಿ ಹುಟ್ಟಿ ಬೆಳೆದವಳಿಗೆ ಪಿಸುಮಾತು ಎಲ್ಲಿಂದ ಬರಬೇಕು?

ಮೈ ಅಡ್ಡ ಮಾಡಿ ಒಳಗೆ ತೂರಿಕೊಂಡವಳು ಅಲ್ಲೇ ನಿಂತುಬಿಟ್ಟಳು. ಚಪ್ಪಲಿ ಬಿಡುವ ಜಾಗದಿಂದಲೇ ಶುರುವಾಗಿತ್ತು. ಹುರಿ ಕಟ್ಟಿದ ಪತ್ರಿಕೆಗಳು, ತೊಳೆದು ಒಂದರೊಳಗೊಂದು ಸೇರಿಸಿದ ಊಟದ ತಟ್ಟೆಗಳು, ಮುಚ್ಚಳ ತೆಗೆದ ಸೀಸೆಗಳು, ಚಪ್ಪಟೆ ಮಾಡಿದ ರಟ್ಟಿನ ಪೆಟ್ಟಿಗೆಗಳು, ಅವುಗಳ ಮೇಲೆ ಬಾಯಿ ಕಟ್ಟಿದ ಚೀಲಗಳು ಎದೆಯೆತ್ತರಕ್ಕೆ ಬೆಳೆದಿದ್ದವು. ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಓಣಿ. ಅಡಿಗೆಮನೆ, ಮುಂಗೋಣೆ, ಹಿಂದಿನ ಕೋಣೆ, ಎಲ್ಲ ಕಡೆಗೂ ಅದೇ ಓಣಿ ಹೋಗುತ್ತಿತ್ತು.

"ಫೋನಲ್ಲಿ ಸ್ವಲ್ಪ ಸಾಮಾನು ಜಾಸ್ತಿ ಆಗಿದೆ ಅಂದ್ರಿ," ಎಂದಳು ಫುಮಿ. "ಇದು ಮೂರು ವಾರದ ಕೆಲ್ಸ."

"ನಾಳೆ ಬೆಳಗ್ಗೆ ಬರ್ತಾರೆ."

"ಗೊತ್ತು. ಅದಕ್ಕೇ ಹೇಳ್ತಿದೀನಿ."

ಬರುತ್ತಿದ್ದದ್ದು ಆಸ್ಪತ್ರೆಯವರು. ಚಿಜುರುವಿನ ಗಂಡ ಮಸಾಹಿಕೊ ಕಾಗದದ ಕಾರ್ಖಾನೆಯಲ್ಲಿದ್ದವನು. ಆರು ವರ್ಷದ ಹಿಂದೆ ಕಂಪನಿ ಅವನನ್ನು ಉತ್ತರದ ದ್ವೀಪಕ್ಕೆ ವರ್ಗ ಮಾಡಿದಾಗ, ಎಲ್ಲರ ಮನೆಯ ಗಂಡಸರೂ ಹೋಗುವ ಹಾಗೆ ಅವನೂ ಒಬ್ಬನೇ ಹೋದ. ಈ ಚಳಿಗಾಲದಲ್ಲಿ ಅಲ್ಲೇ ಲಕ್ವ ಹೊಡೆದು ಬಲಗಡೆ ಬಿದ್ದುಹೋಯಿತು, ಮಾತು ತೊದಲಿತು. ಈಗ ಊರಿಗೆ ಹತ್ತಿರದ ಆಸ್ಪತ್ರೆಯಲ್ಲಿ ಕೈಕಾಲು ಆಡಿಸುವುದನ್ನು ಕಲಿಸುತ್ತಿದ್ದಾರೆ. ಮನೆಗೆ ಕಳಿಸುವ ಮೊದಲು ಅವರು ಅವನನ್ನೂ ಕರೆತಂದು ಮನೆ ನೋಡುತ್ತಾರೆ. ಗಾಲಿಕುರ್ಚಿ ಬಾಗಿಲಿಂದ ಕಕ್ಕಸಿಗೆ, ಕಕ್ಕಸಿನಿಂದ ಹಾಸಿಗೆಗೆ ಹೋಗಬೇಕು. ಹೋಗದಿದ್ದರೆ ಬೆಟ್ಟದಾಚೆಯ ಪಾಲನಾಗೃಹದಲ್ಲಿ ಹಾಸಿಗೆ ಖಾಲಿ ಇದೆ, ಅಲ್ಲಿಗೆ. ಅಲ್ಲಿಗೆ ಹೋದವರು ಮನೆಗೆ ಮರಳಿದ್ದನ್ನು ಚಿಜುರು ಕೇಳಿರಲಿಲ್ಲ. ಮಸಾಹಿಕೊಗೆ ಸರಿಯಾಗಿ ಬರುತ್ತಿದ್ದ ಮಾತುಗಳೇ ನಾಲ್ಕಾರು. ಅವುಗಳಲ್ಲಿ ಒಂದು 'ಮನೆ'.

ಆ ಮನೆ ಈ ಸ್ಥಿತಿಯಲ್ಲಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಮೊದಲ ವರ್ಷ ಬಿಟ್ಟರೆ ಅವನು ಮನೆಗೆ ಬಂದಿರಲಿಲ್ಲ. ಅವಳು ಬರಗೊಟ್ಟಿರಲಿಲ್ಲ. ಹೊಸ ವರ್ಷಕ್ಕೆ ಬರ್ತೀನಿ ಎಂದರೆ, "ಬೇಡ, ನಾನೇ ಬರ್ತೀನಿ, ಹಿಮ ನೋಡ್ಬೇಕು" ಎನ್ನುತ್ತಿದ್ದಳು. ಬೇಸಿಗೆಯಲ್ಲಿ ಬರ್ತೀನಿ ಎಂದರೆ, "ಮಧ್ಯದಲ್ಲಿ ಎಲ್ಲಾದ್ರೂ ಬಿಸಿನೀರ ಬುಗ್ಗೆ ಹತ್ರ ರೂಮ್ ಮಾಡೋಣ" ಎನ್ನುತ್ತಿದ್ದಳು. ಅವನು ಸರಿ ಎನ್ನುತ್ತಿದ್ದ. ಒಂದು ಸಲವೂ ಯಾಕೆ ಎಂದು ಕೇಳಲಿಲ್ಲ. ಗಂಡ ಇಷ್ಟು ಸುಲಭವಾಗಿ ಒಪ್ಪಿಕೊಳ್ಳುತ್ತಾನಲ್ಲ ಎಂದು ಅವಳಿಗೆ ಸಮಾಧಾನವಾಗುತ್ತಿತ್ತು.

ಇಷ್ಟಕ್ಕೆಲ್ಲ ಕಾರಣ ಒಂದು ಹಲ್ಲುಜ್ಜುವ ಬ್ರಷ್ಷು ಎಂದರೆ ನೀವು ನಗುತ್ತೀರಿ. ನಗಿ, ಆದರೆ ಕಾವಾಸೆ ಊರಿನಲ್ಲಿ ಒಂದು ವರ್ಷ ಇದ್ದು ನೋಡಿ ಆಮೇಲೆ ನಗಿ. ಅಲ್ಲಿ ಸುಡುವ ಕಸಕ್ಕೆ ಒಂದು ದಿನ, ಪ್ಲಾಸ್ಟಿಕ್ಕಿಗೆ ಒಂದು ದಿನ, ಸೀಸೆಗೆ ಬೇರೆ, ತಗಡಿಗೆ ಬೇರೆ. ಚೀಲ ಪಾರದರ್ಶಕವಾಗಿರಬೇಕು, ಅದರ ಮೇಲೆ ಮನೆಯವರ ಹೆಸರು ದಪ್ಪಕ್ಷರದಲ್ಲಿ ಬರೆದಿರಬೇಕು. ಗಂಡ ವರ್ಗವಾಗಿ ಹೋದ ವರ್ಷವೇ ಚಿಜುರು ಬ್ಯಾಟರಿ ತೆಗೆಯದ ಬ್ರಷ್ಷೊಂದನ್ನು ಸುಡುವ ಕಸಕ್ಕೆ ಹಾಕಿಬಿಟ್ಟಳು. ಲಾರಿಯವರು ಚೀಲಕ್ಕೆ ಕೆಂಪು ಚೀಟಿ ಅಂಟಿಸಿ ಅಲ್ಲೇ ಬಿಟ್ಟುಹೋದರು. ನಿಶಿವಾಕಿ ಎಂಬ ಅವರ ಮನೆತನದ ಹೆಸರು ಹೊತ್ತ ಆ ಚೀಲ ಬೀದಿಯಲ್ಲಿ ಸಂಜೆಯವರೆಗೆ ಒಂಟಿಯಾಗಿ ಕೂತಿತ್ತು. ಸಂಜೆ ಎದುರುಮನೆಯ ಇಗುಚಿ ಅದನ್ನು ಎತ್ತಿಕೊಂಡು ಬಂದು ಬಾಗಿಲು ತಟ್ಟಿ, "ನಿಮ್ದೇ ಅಲ್ವಾ? ಹೆಸ್ರು ನೋಡ್ದೆ. ಪಾಪ, ಗೊತ್ತಿಲ್ದೆ ಆಗಿರತ್ತೆ" ಎಂದು ನಕ್ಕಳು. ಬೈದಿದ್ದರೆ ವಾಸಿಯಿತ್ತು. ಚೀಲದೊಳಗೆ ಚಿಜುರುವಿನ ಹರಿದ ಒಳಬಟ್ಟೆ, ಒಬ್ಬಳೇ ತಿಂದು ಬಿಸಾಡಿದ ಊಟದ ಡಬ್ಬಿಗಳು ಎಲ್ಲ ಕಾಣುತ್ತಿದ್ದವು.

ಚಿಜುರು ಪತ್ರಿಕೆಯೊಂದರಲ್ಲಿ ಕರಡು ತಿದ್ದುವವಳು. ಊರವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವಳು ತನ್ನ ತಪ್ಪನ್ನು ಹೊಸಿಲ ಮೇಲೆ ಕಂಡಾಗ ಕುಸಿದುಹೋದಳು. ಅಂದಿನಿಂದ ಅನುಮಾನ ಬಂದ ವಸ್ತುವನ್ನು ಹೊರಗೆ ಹಾಕುವುದನ್ನು ನಿಲ್ಲಿಸಿದಳು. ಆಮೇಲೆ ಎಲ್ಲದರ ಮೇಲೂ ಅನುಮಾನ ಬಂತು.

ಫುಮಿ ಅಂಗಿಯ ತೋಳು ಮೇಲಕ್ಕೆ ಮಡಿಸಿದಳು. "ಎಲ್ಲಿಂದ ಶುರು ಮಾಡೋದು ಅಂತ ತಲೆ ಕೆಡಿಸ್ಕೋಬೇಡಿ. ಇಡೀ ಮನೆ ನೋಡ್ಬೇಡಿ. ಈ ಬಾಗಿಲು ಪೂರ್ತಿ ತೆರೀಬೇಕು, ಅಷ್ಟು ಮಾತ್ರ ನೋಡಿ. ಅದಾದ್ಮೇಲೆ ಒಂದು ಹೆಜ್ಜೆ. ಆಮೇಲೆ ಇನ್ನೊಂದು."

ಶುರುಮಾಡಿದರು. ಆದರೆ ಚಿಜುರು ಮೊಸರಿನ ಡಬ್ಬಿಯೊಂದನ್ನು ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಾ ನಿಂತುಬಿಟ್ಟಳು. ಸುತ್ತಿನ ಕಾಗದ ಬಿಡಿಸಬೇಕೋ, ಅಂಟು ಉಳಿದರೆ ನಡೆದೀತೋ, ಒಂದು ಸಲ ಮತ್ತೆ ತೊಳೆಯುವುದು ಒಳ್ಳೆಯದೋ.

"ಆ ಡಬ್ಬಿಗೆ ಎಷ್ಟು ಸಲ ಸ್ನಾನ ಮಾಡಿಸ್ತೀರಿ? ಮದುವೆ ಮಾಡ್ತೀರಾ ಅದಕ್ಕೆ?" ಫುಮಿ ಡಬ್ಬಿ ಕಿತ್ತುಕೊಂಡು ಚೀಲಕ್ಕೆ ಎಸೆದಳು.

"ತಪ್ಪಾದ್ರೆ?"

"ತಪ್ಪಾದ್ರೆ ವಾಪಸ್ ಬರತ್ತೆ. ಯಾರೂ ಸಾಯಲ್ಲ."

"ನಿಮಗೆ ಗೊತ್ತಿಲ್ಲ," ಎಂದಳು ಚಿಜುರು. ನಿಜವಾಗಿಯೂ ಸತ್ತೇಹೋಗುತ್ತೇನೆ ಎಂದೇ ಅವಳಿಗೆ ಅನಿಸುತ್ತಿತ್ತು.

ಫುಮಿ ಆಮೇಲೆ ಜೋರು ಮಾಡಲಿಲ್ಲ. ವಿಂಗಡಿಸುವುದು ನನಗೆ ಬಿಡಿ, ನೀವು ಚೀಲದ ಬಾಯಿ ಕಟ್ಟಿ ಎಂದಳು. ಕೆಲಸ ಓಡಿತು. ಮಧ್ಯಾಹ್ನಕ್ಕೆ ಬಾಗಿಲು ಗೋಡೆಗೆ ತಾಗುವವರೆಗೂ ತೆರೆಯಿತು; ಚಿಜುರು ಅದನ್ನು ಸುಮ್ಮನೆ ಎರಡು ಸಲ ತೆರೆದು ಮುಚ್ಚಿದಳು. ಅಕ್ಕಿಯುಂಡೆ ತಿಂದು, ನೀರು ಕುಡಿದು ಮತ್ತೆ ಹಿಡಿದರು. ಹಳೆಯ ಪತ್ರಿಕೆ, ರಟ್ಟು, ಸೀಸೆಗಳನ್ನು ಫುಮಿ ಮನೆಯಲ್ಲಿದ್ದ ಸೂಟ್‌ಕೇಸಿನಲ್ಲಿ ತುಂಬಿ, ಊರಿಗೆ ಹೊರಟ ನೆಂಟಳಂತೆ ನಗುತ್ತಾ ಕಾರಿಗೆ ಸಾಗಿಸಿದಳು. ಕತ್ತಲಾಗುವ ಹೊತ್ತಿಗೆ ಕಕ್ಕಸಿನವರೆಗೆ ನೆಲ ಕಂಡಿತು, ಮುಂಗೋಣೆಯಲ್ಲಿ ಒಂದು ಹಾಸಿಗೆಯಷ್ಟು ಜಾಗ ಕಂಡಿತು. ಕಂಡ ಜಾಗದಲ್ಲೆಲ್ಲ ಈಗ ಸುಡುವ ಕಸದ ಮೂಟೆಗಳು ಸಾಲಾಗಿ ಕೂತಿದ್ದವು.

"ಇವನ್ನೂ ತಗೊಂಡು ಹೋಗಿ," ಎಂದಳು ಚಿಜುರು.

"ಆಗಲ್ಲ. ಹಳೇ ಪೇಪರು, ಸೀಸೆ ಸರಿ. ಮನೆ ಕಸ ಸಾಗಿಸೋಕೆ ನಗರಸಭೆ ಪರವಾನಗಿ ಬೇಕು, ನನಗಿಲ್ಲ. ಇರೋರನ್ನ ಕರೆದ್ರೆ ಬರೋದು ಮುಂದಿನ ವಾರ."

"ಮತ್ತೆ?"

"ನಾಳೆ ಸುಡೋ ಕಸದ ದಿನ ಅಲ್ವಾ? ನಿಮ್ಮ ಹೆಸ್ರು ಬರೀರಿ, ಹೊರಗಿಡಿ."

ಚಿಜುರು ಮೂಟೆಗಳ ಸಾಲಿನ ಮೇಲೆ ಕಣ್ಣಾಡಿಸಿದಳು. "ಇಷ್ಟೂ? ನನ್ನ ಹೆಸ್ರಲ್ಲಾ? ಇಗುಚಿ ಅವರ ಕಣ್ಣೆದುರಿಗಾ?"

"ಮತ್ತೇನು, ನನ್ನ ಹೆಸ್ರಲ್ಲಾ?"

"ನಿಮ್ಮೂರಲ್ಲಿ ಹಾಕಿ. ದುಡ್ಡು ಎಷ್ಟಾದ್ರೂ ಕೊಡ್ತೀನಿ."

"ನಮ್ಮೂರಲ್ಲೂ ಒಬ್ಬ ಇಗುಚಿ ಇದಾಳೆ ಕಣ್ರೀ!" ಫುಮಿಗೆ ರೇಗಿತು. "ನಾನು ಇಡೀ ದಿನ ಬೆನ್ನು ಮುರ್ಕೊಂಡಿದ್ದು ಯಾಕೆ? ನಿಮ್ಮ ಯಜಮಾನ್ರು ಬರ್ಲಿ ಅಂತ. ಅವ್ರು ಬೇಕೋ, ಇಗುಚಿ ಮುಂದೆ ಮರ್ಯಾದೆ ಬೇಕೋ?"

"ಎರಡೂ ಬೇಕು," ಎಂದು ಚಿಜುರು ಕಿರುಚಿದಳು. ತಾನು ಹಾಕಿದ ಷರತ್ತನ್ನು ತಾನೇ ಮುರಿದೆನೆಂದು ಹೊಳೆದು ಬಾಯಿಗೆ ಕೈ ಅಡ್ಡ ಹಿಡಿದಳು.

ಫುಮಿ ಚಪ್ಪಲಿ ಮೆಟ್ಟಿಕೊಂಡಳು. "ಬೆಳಗ್ಗೆ ಬರ್ತೀನಿ. ನೀವೇ ಯೋಚ್ನೆ ಮಾಡಿ."

ಯೋಚನೆ ಮಾಡಲು ಏನಿತ್ತು? ಬೆಳಗ್ಗೆ ಫುಮಿ ಬರುವಷ್ಟರಲ್ಲಿ ಚಿಜುರು ಎಲ್ಲ ಚೀಲಗಳ ಮೇಲೂ ನಿಶಿವಾಕಿ ಎಂದು ಬರೆದಿದ್ದಳು. ಅಕ್ಷರ ಮಾತ್ರ ಇರುವೆಗಾತ್ರದಲ್ಲಿತ್ತು. ಫುಮಿ ಎರಡು ಮೂಟೆ ಎತ್ತಿಕೊಳ್ಳಲು ಹೋದಳು.

"ಬೇಡ," ಎಂದಳು ಚಿಜುರು. "ನಂದು. ನಾನೇ ತಗೊಂಡು ಹೋಗ್ತೀನಿ."

ಬೀದಿಯ ತುದಿಯಲ್ಲಿ, ಕಾಗೆಗಳು ಕೆದಕದ ಹಾಗೆ ನೀಲಿ ಬಲೆ ಹೊದಿಸಿದ ಕಸದ ಜಾಗ. ಅಲ್ಲಿ ಇಗುಚಿ ಪೊರಕೆ ಹಿಡಿದು ನಿಂತಿದ್ದಳು. ಚಿಜುರುವಿನ ಕಾಲು ಒಂದು ಸಲ ಹಿಂದಕ್ಕೆ ಎಳೆಯಿತು. ಆದರೂ ನಡೆದಳು, ಬಾಗಿ ನಮಸ್ಕರಿಸಿದಳು, ಬಲೆ ಎತ್ತಿ ಎರಡು ಮೂಟೆ ಇಟ್ಟಳು. ಹಿಂದಿರುಗಿ ಮತ್ತೆರಡು ತಂದಳು. ಮೂರನೆಯ ಸಲ ಬಂದಾಗ ಇಗುಚಿ ಗುಡಿಸುವುದನ್ನು ನಿಲ್ಲಿಸಿದಳು.

"ಓಹೋ, ನಿಶಿವಾಕಿಯವ್ರು! ಮನೆ ಬದಲಾಯಿಸ್ತಿದೀರಾ?"

ಹೌದು ಎಂದುಬಿಟ್ಟರೆ ಸುಲಭವಾಗಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. "ಇಲ್ಲ. ನಮ್ಮ ಯಜಮಾನ್ರು ಮನೆಗೆ ಬರ್ತಿದಾರೆ. ಜಾಗ ಇರ್ಲಿಲ್ಲ. ತುಂಬಾ ದಿನದಿಂದ ಹಾಕಿರ್ಲಿಲ್ಲ," ಎಂದಳು ಚಿಜುರು.

"ಅಯ್ಯೋ, ಹೌದಾ? ಹುಷಾರಿಲ್ಲ ಅಂತ ಕೇಳ್ದೆ. ಪಾಪ." ಇಗುಚಿ ಮೂಟೆಗಳನ್ನು ಒಂದು ಸಲ ನೋಡಿದಳು, ನಕ್ಕಳು. "ಆದ್ರೆ ಒಂದು ಮನೆಯಿಂದ ಒಂದ್ಸಲಕ್ಕೆ ಐದೇ ಮೂಟೆ ಅಲ್ವಾ? ನಾನು ಮಾಡಿದ ನಿಯಮ ಅಲ್ಲಪ್ಪ. ಲಾರಿಯವ್ರು ಬಿಟ್ಟುಹೋದ್ರೆ ನಿಮಗೇ ತೊಂದ್ರೆ ಅಂತ ಹೇಳ್ದೆ."

ಕಸದ ನಿಯಮಗಳನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿಕೊಂಡಿದ್ದ ಚಿಜುರುವಿಗೆ ಆ ಒಂದು ನಿಯಮ ತಲೆಯಲ್ಲೇ ಇರಲಿಲ್ಲ. ಹೇಗಿದ್ದೀತು? ವರ್ಷಗಟ್ಟಲೆ ವಾರಕ್ಕೊಂದು ಅಂಗೈಯಗಲದ ಎಂಜಲಿನ ಚೀಲ ಮಾತ್ರ ಇಟ್ಟು ಓಡಿಬರುತ್ತಿದ್ದವಳಿಗೆ ಐದನೆಯ ಮೂಟೆಯ ಪ್ರಶ್ನೆ ಬಂದದ್ದೇ ಇಲ್ಲ. ಫುಮಿಯ ಊರಿನಲ್ಲಿ ಅಂಥ ಮಿತಿಯೇ ಇರಲಿಲ್ಲ. ಚಿಜುರು ಆರನೆಯ ಮೂಟೆಯನ್ನು ಎದೆಗವುಚಿಕೊಂಡು, ಎಲ್ಲರೂ ನೋಡುತ್ತಿರುವ ಬೀದಿಯಲ್ಲಿ ಮನೆಗೆ ಮರಳಿದಳು. ಹಜಾರದಲ್ಲಿ ಇನ್ನೂ ಇಪ್ಪತ್ತಕ್ಕೂ ಹೆಚ್ಚು ಮೂಟೆಗಳು ಅವಳನ್ನು ಕಾದು ಕೂತಿದ್ದವು.

"ಹಿಂದಿನ ಕೋಣೆಗೆ," ಎಂದಳು. ಈಗ ಅವಳ ದನಿಯಲ್ಲಿ ಅಳುಕಿರಲಿಲ್ಲ, ಹುಚ್ಚಿತ್ತು. "ಎಲ್ಲಾ ಅಲ್ಲಿ ತುಂಬಿ. ಬಾಗಿಲು ಎಳೆದುಬಿಡೋಣ."

"ಬೇಡ ಚಿಜುರು. ಇರೋದನ್ನ ಇರೋ ಹಾಗೆ ಹೇಳಿ. ಒಂದು ದಿನ ಟೈಮ್ ಕೇಳಿ."

"ನೀವು ಗೆಳತಿ. ಚಹಾಕ್ಕೆ ಬಂದಿದೀರಿ. ನಿಮ್ಗೇನೂ ಗೊತ್ತಿಲ್ಲ."

ಫುಮಿ ಅವಳ ಕಣ್ಣು ನೋಡಿ ವಾದ ಬಿಟ್ಟಳು. ಇಬ್ಬರೂ ಸೇರಿ ಮೂಟೆಗಳ ಜೊತೆ ಮುಂಗೋಣೆಯಲ್ಲಿ ಉಳಿದಿದ್ದ ರಾಶಿಯನ್ನೂ ಒದ್ದು, ನೂಕಿ, ಒಂದರ ಮೇಲೊಂದು ಎಸೆದು ತುಂಬಿದರು. ಕೊನೆಯ ಮೂಟೆಗೆ ಚಿಜುರು ಬೆನ್ನು ಕೊಟ್ಟು ತಳ್ಳಿ ಜಾರುಬಾಗಿಲು ಎಳೆಯುವುದಕ್ಕೂ ಹೊರಗೆ ಆಸ್ಪತ್ರೆಯ ವಾಹನ ನಿಲ್ಲುವುದಕ್ಕೂ ಸರಿಹೋಯಿತು.

ಶಿಂಡೊ ಎಂಬ ವ್ಯಾಯಾಮ ಕಲಿಸುವ ಹುಡುಗ ಗಾಲಿಕುರ್ಚಿ ತಳ್ಳಿಕೊಂಡು ಬಂದ. ಕುರ್ಚಿಯಲ್ಲಿ ಮಸಾಹಿಕೊ, ಯಾರೋ ಹಾಕಿದ ಕೋಟಿನಲ್ಲಿ ಕುಗ್ಗಿಹೋಗಿದ್ದ. ಒಳಗೆ ಬರುತ್ತಲೇ ಅವನ ಕಣ್ಣು ಗೋಡೆ, ಮೂಲೆ, ಫುಮಿ, ಚಹಾದ ಬಟ್ಟಲು ಎಲ್ಲದರ ಮೇಲೂ ಹರಿದಾಡಿತು. ತನ್ನ ಮನೆಗೆ ಬಂದವನ ನೋಟದ ಹಾಗಿರಲಿಲ್ಲ ಅದು. ಚಿಜುರು ಅವನ ಮುಖ ನೋಡುವ ಬದಲು ಹಿಂದಿನ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ಶಿಂಡೊ ಅಳತೆಪಟ್ಟಿ ಎಳೆದ. ಬಾಗಿಲು ಸರಿ. ಹಜಾರ ಸರಿ. ಕುರ್ಚಿ ಕಕ್ಕಸಿನವರೆಗೆ ಹೋಗಿ ತಿರುಗಿ ಬಂತು. ಗಾಲಿ ಎಲ್ಲೂ ತಾಗಲಿಲ್ಲ. "ಚೆನ್ನಾಗಿದೆಯಲ್ಲಾ," ಎಂದ. "ಹಾಸಿಗೆ ಎಲ್ಲಿ?"

"ಮುಂಗೋಣೆಯಲ್ಲಿ," ಎಂದಳು ಚಿಜುರು. ಇನ್ನೊಂದು ಗಳಿಗೆ ಕಳೆದರೆ ಗೆದ್ದೆ.

ಮಸಾಹಿಕೊ ಎಡಗೈ ಎತ್ತಿದ. ಬೆರಳು ಅವಳ ಹಿಂದಿನ ಬಾಗಿಲನ್ನು ತೋರಿಸಿತು. "ಅಲ್ಲಿ."

"ಅದು ನಿಮ್ಮ ಹಳೇ ಕೋಣೆಯಾ?" ಶಿಂಡೊ ಪಟ್ಟಿ ಹಿಡಿದು ಮುಂದೆ ಬಂದ. "ನದಿ ಕಾಣತ್ತೆ ಅಂತ ದಿನಾ ಹೇಳ್ತಿರ್ತಾರೆ. ಒಂದ್ಸಲ ನೋಡಿಬಿಡೋಣ."

"ಬೇಡ!"

ಆ ಕೂಗಿಗೆ ಶಿಂಡೊನ ಕೈ ಗಾಳಿಯಲ್ಲೇ ನಿಂತಿತು. ಫುಮಿ ಬಟ್ಟಲನ್ನು ಮೆಲ್ಲನೆ ಕೆಳಗಿಟ್ಟಳು. ಚಿಜುರು ಗಂಡನ ಮುಖವನ್ನು ಆಗ ನೋಡಿದಳು. ಅವನು ಹೆದರಿದ್ದ. ಲಕ್ವ ಹೊಡೆದ ರಾತ್ರಿಯ ನಂತರ ಆಸ್ಪತ್ರೆಯಲ್ಲಿ ನೋಡಿದಾಗಲೂ ಅವನ ಮುಖದಲ್ಲಿ ಇಂಥ ಹೆದರಿಕೆ ಇರಲಿಲ್ಲ. ಕಣ್ಣು ಬಾಗಿಲಿನ ಮೇಲೆ ನೆಟ್ಟಿತ್ತು, ಒಳ್ಳೆಯ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು.

"ತೆಗಿ," ಎಂದ.

"ಒಳಗೆ ಏನಿಲ್ಲ ರೀ. ಹಳೇ ಸಾಮಾನು."

"ತೆಗಿ, ಚಿಜುರು."

ತೆಗೆದರೆ ಶಿಂಡೊ ನೋಡುತ್ತಾನೆ. ಬೆಟ್ಟದಾಚೆಯ ಹಾಸಿಗೆ ಖಾಯಂ ಆಗುತ್ತದೆ. ತೆಗೆಯದಿದ್ದರೆ ಏನಾಗುತ್ತದೆ ಎನ್ನುವುದು ಅವಳಿಗೆ ಹೊಳೆಯಲಿಲ್ಲ. ಆದರೆ ಅವನ ಮುಖ ನೋಡಿದ ಮೇಲೆ ಆ ಬಾಗಿಲನ್ನು ಮುಚ್ಚಿಟ್ಟುಕೊಂಡು ನಿಲ್ಲುವುದು ಆಗಲಿಲ್ಲ. ಅವಳು ತಿರುಗಿ ಬಾಗಿಲು ಎಳೆದಳು. ಮೇಲಿದ್ದ ಮೂಟೆಗಳು ದಡದಡನೆ ಉರುಳಿದವು. ಒಂದು ಗಾಲಿಯವರೆಗೆ ಬಂದು ನಿಂತಿತು. ಒಳಗೆ, ಸೂರಿನವರೆಗೆ, ತಟ್ಟೆ, ಡಬ್ಬಿ, ಚೀಲ, ರಟ್ಟು; ನದಿಯ ಕಡೆಯ ಕಿಟಕಿಯ ಮೇಲಂಚು ಮಾತ್ರ ಕಾಣುತ್ತಿತ್ತು.

"ಇದೇ ರೀ," ಎಂದಳು ಚಿಜುರು. ನಾಚಿಕೆಯಿಂದ ಕಿವಿ ಸುಡುತ್ತಿತ್ತು, ಆದರೂ ಮಾತು ನಿಲ್ಲಲಿಲ್ಲ. "ಇಡೀ ಮನೆ ಹೀಗೇ ಇತ್ತು. ನಿನ್ನೆಯಿಂದ ಇವ್ರನ್ನ ಕರೆಸಿ ತೆಗೆಸ್ತಿದೀನಿ. ಗೆಳತಿ ಅಲ್ಲ ಇವ್ರು. ನನ್ನ ಕೈಲಿ ಕಸ ಹೊರಗೆ ಹಾಕೋಕೆ ಆಗ್ತಿರ್ಲಿಲ್ಲ. ಭಯ. ನಿಮ್ಮನ್ನ ಅದಕ್ಕೇ ಬರಬೇಡಿ ಅಂತಿದ್ದೆ."

ಮಸಾಹಿಕೊ ಕೋಣೆಯನ್ನು ಬಹಳ ಹೊತ್ತು ನೋಡಿದ. ಮೂಟೆಗಳ ಹಿಂದೆ ಇನ್ನೇನೋ ಇದೆಯೇ ಎಂದು ಹುಡುಕುವವನ ಹಾಗೆ ಕತ್ತು ಚಾಚಿ ನೋಡಿದ. "ಇಷ್ಟೇನಾ?" ಎಂದ.

"ಇಷ್ಟೇನಾ ಅಂದ್ರೆ?"

"ಬೇರೆ... ಯಾರೂ... ಇಲ್ವಾ?"

ಚಿಜುರುವಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಉರುಳಿದ ಮೂಟೆಯ ಮೇಲೆ ಕೂತಳು.

"ಅಷ್ಟು ವರ್ಷ," ಅವನು ಒಂದೊಂದೇ ಮಾತನ್ನು ಬಾಯಿಯ ಎಡತುದಿಯಿಂದ ಎಳೆದು ತೆಗೆದ. "ಬರ್ತೀನಿ ಅಂದ್ರೆ... ಬೇಡ. ಬರ್ತೀನಿ... ಬೇಡ. ಇಲ್ಲಿ... ಯಾರೋ ಇದಾನೆ... ಅಂದ್ಕೊಂಡೆ."

ಫುಮಿ ಗೋಡೆಯ ಕಡೆ ತಿರುಗಿದಳು. ಶಿಂಡೊ ತನ್ನ ಕಾಲುಚೀಲಗಳನ್ನು ನೋಡಿಕೊಂಡ. ಚಿಜುರುವಿಗೆ ನಗು ಬಂತು, ಅಳು ಬಂತು, ಎರಡಕ್ಕಿಂತ ಮೊದಲು ಸಿಟ್ಟು ಬಂತು.

"ಒಂದು ಮಾತು ಕೇಳ್ಬಾರ್ದಿತ್ತಾ? ಅಷ್ಟು ವರ್ಷ! ಇನ್ನೊಬ್ಬನ್ನ ಇಟ್ಕೊಂಡಿದಾಳೆ ಅಂತ ಅಂದ್ಕೊಂಡು, ನನ್ನ ಜೊತೆ ಬಿಸಿನೀರಿಗೆ ಬಂದು, ಮೀನು ತಿಂದು, ಸುಮ್ನೆ ಇದ್ರಾ? ಬಾಯಿ ಚೆನ್ನಾಗಿತ್ತಲ್ಲಾ ಆಗ, ಕೇಳೋಕೇನಾಗಿತ್ತು?"

ಮಸಾಹಿಕೊ ಒಳ್ಳೆಯ ಕೈಯಿಂದ ಮುಖ ಒರೆಸಿಕೊಂಡ.

"ನಾನು ಕೇಳಿ... ನೀನು... ಹೌದು... ಅಂದ್ಬಿಟ್ಟಿದ್ರೆ?" ಎಂದ.

ಚಿಜುರು ಕೂತಲ್ಲಿಂದಲೇ ಕೈ ಚಾಚಿ ಅವನ ಜೀವವಿಲ್ಲದ ಬಲಗೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಶಿಂಡೊ, ಆಸ್ಪತ್ರೆಯಿಂದ ಬಿಡುಗಡೆಗೆ ಇನ್ನೂ ಒಂದು ತಿಂಗಳಿದೆ, ಅಷ್ಟರಲ್ಲಿ ಕೋಣೆ ಖಾಲಿಯಾದರೆ ಮನೆಗೇ ಕಳಿಸಬಹುದು, ಆಗುತ್ತದೆಯೇ ಎಂದು ಕೇಳಿದ. ಆಗತ್ತೆ ಎಂದು ಚಿಜುರುವೂ ಫುಮಿಯೂ ಒಟ್ಟಿಗೆ ಹೇಳಿದರು. ಶಿಂಡೊ ಕಾಲಿನಿಂದ ಎರಡು ಮೂಟೆ ಪಕ್ಕಕ್ಕೆ ಸರಿಸಿ, ಅಳತೆಪಟ್ಟಿಯ ತುದಿಯನ್ನು ಫುಮಿಯ ಕೈಗೆ ಕೊಟ್ಟು, ಕಿಟಕಿಯ ಕಡೆಗೆ ಹತ್ತಿ ಹೋಗಲು ದಾರಿ ಹುಡುಕತೊಡಗಿದ.